40 ಕಿಲೋಮೀಟರ್, 4 ದಿನ

ಅರಸೀಕೆರೆಯಿಂದ ಜಾವಗಲ್ ಮೇಲೆ ಹಳೇಬೀಡಿಗೆ ಬೈಕಿನಲ್ಲಿ ಹೊರಟರೆ, ದಾರಿಯಲ್ಲಿ ನಿಂತು ಟೀ ಕುಡಿದರೂ ಒಂದೂವರೆ ಗಂಟೆಯೊಳಗೆ ದೇವಸ್ಥಾನದ ಮುಂದೆ ಇರ್ತೀವಿ. ಸುಮಾರು 40 ಕಿಲೋಮೀಟರ್ ಅಷ್ಟೆ. ಅದೇ ಅರಸೀಕೆರೆಯಲ್ಲಿ ಪೋಸ್ಟ್ ಡಬ್ಬಕ್ಕೆ ಹಾಕಿದ ಕಾಗದ ಹಳೇಬೀಡಿನ ಪಕ್ಕದ ಹಳ್ಳಿಗೆ ಮುಟ್ಟೋಕೆ ಮೂರೋ ನಾಲ್ಕೋ ದಿನ ಹಿಡಿಯಬಹುದು. ನಡುವೆ ಭಾನುವಾರ ಸಿಕ್ಕಿಹಾಕಿಕೊಂಡರೆ ಐದು. ಯಾಕೆ ಹೀಗೆ ಅಂತ ಕೇಳಿದರೆ ಊರಲ್ಲಿ ಸಿಗೋ ರೆಡಿಮೇಡ್ ಉತ್ತರ, "ಪೋಸ್ಟ್‌ಮ್ಯಾನ್ ಸೋಮಾರಿ." ನಾವೂ ಬಹಳ ದಿನ ಹಾಗೇ ಅಂದುಕೊಂಡಿದ್ವಿ.

ಈ ವಿಷಯಕ್ಕೆ ಕೈ ಹಾಕಿದ್ದು ಒಂದು ಸರದಿಂದ. ನಮ್ಮ ಗೆಳೆಯನ ಅಜ್ಜಿ ಆ ಕಡೆಯ ಒಂದು ಹಳ್ಳಿಯವರು. ಎರಡೆಳೆ ಚಿನ್ನದ ಸರ ಅಡವಿಟ್ಟು ಸಾಲ ತೆಗೆದಿದ್ದರು, ಬಡ್ಡಿ ಬಾಕಿ ಬಿತ್ತು. 15 ದಿನದೊಳಗೆ ಕಟ್ಟದಿದ್ದರೆ ಒಡವೆ ಹರಾಜು ಅಂತ ನೋಟಿಸ್ ಬಂತು. ಅದು ಕೈಗೆ ಸಿಕ್ಕಾಗ ಗಡುವಿಗೆ ಉಳಿದಿದ್ದು 4 ದಿನ, ಅದರಲ್ಲಿ ಒಂದು ಭಾನುವಾರ. ಬೆಲೆ ಏರಲಿ ಅಂತ ಅಟ್ಟದ ಮೇಲೆ ಇಟ್ಟಿದ್ದ ಕೊಬ್ಬರಿಯನ್ನು ಇಳಿಸಿ, ಅವತ್ತಿನ ರೇಟಿಗೇ ಮಂಡಿಗೆ ಹಾಕಿ ಸರ ಉಳಿಸಿಕೊಂಡರು. ಆಮೇಲೆ ಗೆಳೆಯ ಆ ಲಕೋಟೆಯನ್ನು ಹಾಸ್ಟೆಲಿಗೆ ತಂದಿದ್ದ. ಒಳಗಿನ ಕಾಗದದ ಮೇಲೆ 3ನೇ ತಾರೀಖು. ಲಕೋಟೆಯ ಮೇಲೆ ಅಂಚೆಯ ಮೊದಲ ಮುದ್ರೆ 8ನೇ ತಾರೀಖು. ಅಜ್ಜಿಯ ಕೈ ಸೇರಿದ್ದು 14ಕ್ಕೆ.

ಅಂದ್ರೆ ಆದ 11 ದಿನದ ತಡದಲ್ಲಿ 5 ದಿನ ಅಂಚೆಯದೇ ಅಲ್ಲ. ಈಗ ಹೆಚ್ಚಿನ ಸಂಸ್ಥೆಗಳು ಕಾಗದಗಳನ್ನು ಯಾವುದೋ ದೊಡ್ಡ ಊರಲ್ಲಿ ಒಟ್ಟಿಗೆ ಪ್ರಿಂಟ್ ಮಾಡಿಸಿ, ಕಟ್ಟು ಕಟ್ಟಿ ಅಂಚೆಗೆ ಕೊಡ್ತಾರೆ. ತಾರೀಖು ಪ್ರಿಂಟ್ ಆದ ದಿನದ್ದು, ಗಡುವಿನ ಲೆಕ್ಕವೂ ಅಲ್ಲಿಂದಲೇ. ಬೈಗುಳ ತಿನ್ನೋದು ಮಾತ್ರ ಬಾಗಿಲಿಗೆ ಬಂದವನು. ಮನೆಗೆ ತಡವಾಗಿ ಕಾಗದ ಬಂದರೆ ಮೊದಲು ಲಕೋಟೆಯ ಮುದ್ರೆ ನೋಡಿ, ಲಕೋಟೆಯನ್ನು ಎಸೀಬೇಡಿ.

ಉಳಿದ 6 ದಿನ? ಅದು ಅಂಚೆಯೊಳಗಿನದೇ.

ಅರಸೀಕೆರೆಯಲ್ಲಿ ಹಾಕಿದ ಕಾಗದ ನೇರ ಜಾವಗಲ್ ದಾರಿ ಹಿಡಿಯೋದಿಲ್ಲ. ಮೊದಲು ವಿಂಗಡಣೆ ಕೇಂದ್ರಕ್ಕೆ ಹೋಗಿ, ಅಲ್ಲಿ ಪಿನ್ ಕೋಡ್ ಪ್ರಕಾರ ಬೇರೆ ಬೇರೆ ಚೀಲಕ್ಕೆ ಬಿದ್ದು, ಆಮೇಲೆ ಹಳೇಬೀಡಿನ ಕಡೆ ತಿರುಗಬೇಕು. ದಡ್ಡತನ ಅನ್ನಿಸುತ್ತೆ, ಆದರೆ ಅಲ್ಲ. 100 ಅಂಚೆ ಕಚೇರಿಗಳನ್ನು ಒಂದಕ್ಕೊಂದು ನೇರ ಜೋಡಿಸಿದರೆ 4950 ದಾರಿ ಬೇಕು, ನಡುವೆ ಒಂದು ಕೇಂದ್ರ ಇಟ್ಟರೆ 100 ಸಾಕು. ನೆಟ್‌ವರ್ಕ್ ಕ್ಲಾಸಿನಲ್ಲಿ ಓದಿದ್ದೇ ಇದು. ಸುತ್ತು ದಾರಿಯಿಂದ ಹೆಚ್ಚಾಗೋದು ಹೆಚ್ಚೆಂದರೆ ಒಂದೆರಡು ಗಂಟೆ. ದಿನಗಳು ಹೋಗೋದು ಓಡಾಟದಲ್ಲಲ್ಲ, ಕಾಯುವುದರಲ್ಲಿ.

ಅಂಚೆ ಚೀಲ ಬಹುತೇಕ ಕಡೆ ದಿನಕ್ಕೆ ಒಂದೇ ಸಲ ಹೊರಡುತ್ತೆ. ಅದಕ್ಕೊಂದು ಸಮಯ ಇದೆ. ನಿಮ್ಮ ಕಾಗದ ಹತ್ತು ನಿಮಿಷ ತಡವಾದರೆ ತಪ್ಪೋದು ಹತ್ತು ನಿಮಿಷ ಅಲ್ಲ, ಪೂರ್ತಿ 24 ಗಂಟೆ. ಶನಿವಾರ ತಪ್ಪಿದರೆ 48. ಈಗ ಕೈಬದಲಾವಣೆಗಳನ್ನು ಎಣಿಸಿ: ಡಬ್ಬದಿಂದ ಕಚೇರಿಗೆ, ಅಲ್ಲಿಂದ ವಿಂಗಡಣೆ ಕೇಂದ್ರಕ್ಕೆ, ಕೇಂದ್ರದಿಂದ ಹಳೇಬೀಡಿಗೆ, ಅಲ್ಲಿಂದ ಹಳ್ಳಿಯ ಶಾಖಾ ಅಂಚೆ ಕಚೇರಿಗೆ, ಕೊನೆಗೆ ಮನೆ ಬಾಗಿಲಿಗೆ. ಒಟ್ಟು ಐದು. ಪ್ರತಿ ಹಂತದಲ್ಲೂ 100ಕ್ಕೆ 90 ಕಾಗದ ಅವತ್ತಿನ ಚೀಲ ಹಿಡಿಯುತ್ತೆ ಅಂದುಕೊಳ್ಳೋಣ. ಇದು ನಮ್ಮ ಊಹೆಯ ಅಂಕಿ, ಯಾವ ವರದಿಯದ್ದೂ ಅಲ್ಲ. 0.9 ಅನ್ನು ಐದು ಸಲ ಗುಣಿಸಿದರೆ 0.59. ಪ್ರತಿಯೊಬ್ಬರೂ ತಮ್ಮ ಕೆಲಸ "90 ಪರ್ಸೆಂಟ್ ಸರಿ" ಮಾಡಿದರೂ 100ರಲ್ಲಿ 41 ಕಾಗದ ಒಂದು ದಿನವಾದರೂ ತಡ! 99 ಪರ್ಸೆಂಟ್ ಮಾಡಿದರೆ ಮಾತ್ರ ತಡವಾಗೋದು 5ಕ್ಕೆ ಇಳಿಯುತ್ತೆ. ಅರಸೀಕೆರೆ ಪೇಟೆಯೊಳಗೇ ಇರುವವರಿಗೆ ಹಂತ ಕಡಿಮೆ, ಹಾಗಾಗಿ ಅವರಿಗೆ ಈ ಕಷ್ಟ ಅಷ್ಟು ಗೊತ್ತಾಗೋದಿಲ್ಲ. ಸರಪಳಿಯ ತುದಿಯಲ್ಲಿ ಇರುವವರಿಗೆ ಎಲ್ಲರ ತಪ್ಪೂ ಸೇರಿ ಬರುತ್ತೆ.

ಈ ಕಾಯುವಿಕೆಗೆ ಹಿಂದೆ ಒಂದು ಚೆಂದದ ಉಪಾಯ ಇತ್ತು. ರೈಲ್ವೆ ಮೇಲ್ ಸರ್ವೀಸಿನವರು ಓಡುವ ರೈಲಿನಲ್ಲೇ, ಗೂಡುಗೂಡಿನ ಕಪಾಟಿನ ಮುಂದೆ ನಿಂತು ಕಾಗದ ವಿಂಗಡಿಸುತ್ತಿದ್ದರು. ಊರು ಬರೋ ಹೊತ್ತಿಗೆ ಆ ಊರಿನ ಚೀಲ ಸಿದ್ಧ. ಸಾಗಾಟ, ವಿಂಗಡಣೆ ಎರಡೂ ಒಟ್ಟಿಗೆ, ನಮ್ಮ ಭಾಷೆಯಲ್ಲಿ ಪಕ್ಕಾ ಪೈಪ್‌ಲೈನಿಂಗ್. ಹುಬ್ಬಳ್ಳಿ ದಾರಿಯೂ ಹಾಸನ-ಮೈಸೂರು ದಾರಿಯೂ ಕೂಡುವ ಅರಸೀಕೆರೆಯಂಥ ಜಂಕ್ಷನ್ನಿಗೆ ಆಗ ಅಂಚೆಯಲ್ಲಿ ಬಹಳ ಬೆಲೆ. ಬೇಲೂರು, ಹಳೇಬೀಡಿಗೆ ರೈಲಿರಲಿಲ್ಲ, ಅಲ್ಲಿಯ ಚೀಲ ಆಗಲೂ ರಸ್ತೆಯನ್ನೇ ನೆಚ್ಚಬೇಕಿತ್ತು. ಕಾಲ ಕಳೆದಂತೆ ರೈಲಿನೊಳಗಿನ ವಿಂಗಡಣೆ ನಿಂತು ಕೆಲಸವೆಲ್ಲ ಕಟ್ಟಡಗಳಿಗೆ ಬಂತು. ಯಂತ್ರ ಬಂತು, ವೇಗ ಬಂತು, ಜೊತೆಗೆ ಚೀಲ ಕಾಯೋದೂ ಬಂತು. (ಅದಕ್ಕೂ ಹಿಂದಿನ ಕಥೆ ಬೇಕೆಂದರೆ, ಚಿಕ್ಕದೇವರಾಜ ಒಡೆಯರ ಕಾಲದಿಂದ ಮೈಸೂರಿಗೆ ತನ್ನದೇ ಅಂಚೆ ಇತ್ತು. 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿತು.)

ಇನ್ನು ವಿಳಾಸದ ವಿಷಯ. ಇದರಲ್ಲಿ ತಪ್ಪು ನಮ್ಮ ಕಡೆಯದೇ ಜಾಸ್ತಿ. ಅರಸೀಕೆರೆ ಅನ್ನೋ ಊರು ಹರಪನಹಳ್ಳಿ ತಾಲ್ಲೂಕಿನಲ್ಲೂ ಇದೆ. ಬೇಲೂರು ಅಂದ್ರೆ ಬಂಗಾಳದಲ್ಲಿ ರಾಮಕೃಷ್ಣ ಮಠದ ಬೇಲೂರು. ಹಳೇಬೀಡನ್ನು ಇಂಗ್ಲಿಷಿನಲ್ಲಿ ಎಷ್ಟು ಥರ ಬರೀತಾರೆ ಅಂತ ಎಣಿಸಿದವರಿಲ್ಲ. ಇಂಥ ಗೊಂದಲ ತಪ್ಪಿಸೋಕೇ 1972ರ ಆಗಸ್ಟ್ 15ರಂದು ಪಿನ್ ಕೋಡ್ ಬಂದಿದ್ದು. ಅರಸೀಕೆರೆ 573103, ಬೇಲೂರು 573115, ಹಳೇಬೀಡು 573121. ಮೊದಲ ಮೂರು ಅಂಕಿ ವಿಂಗಡಣೆಯ ಜಿಲ್ಲೆ, ಕೊನೆಯ ಮೂರು ಬಟವಾಡೆ ಮಾಡುವ ಕಚೇರಿ. ಆದರೆ ಆಧಾರ್ ನಂಬರಿನ ಕೊನೆಯಲ್ಲಿ ಇರುವಂಥ ಚೆಕ್ ಡಿಜಿಟ್ ಪಿನ್ ಕೋಡಿನಲ್ಲಿ ಇಲ್ಲ. 573ರ ಬದಲು 533 ಅಂತ ಬರೆದರೆ "ತಪ್ಪು" ಅನ್ನೋಕೆ ಯಾರೂ ಇಲ್ಲ, ಕಾಗದ ಸೀದಾ ಆಂಧ್ರದ ಗೋದಾವರಿ ಸೀಮೆಗೆ ಹೋಗಿ, ಅಲ್ಲಿಂದ ವಾಪಸ್ ಬರಬೇಕು. 2025ರ ಮೇ ತಿಂಗಳಲ್ಲಿ ಬಿಡುಗಡೆಯಾದ ಡಿಜಿಪಿನ್ ದೇಶವನ್ನೇ 4 ಮೀಟರ್ ಚೌಕಗಳಾಗಿ ಹಂಚಿ ಪ್ರತಿ ಚೌಕಕ್ಕೂ 10 ಅಕ್ಷರದ ಗುರುತು ಕೊಡುತ್ತೆ. ಒಳ್ಳೆಯದೇ. ಮನೆ ಎಲ್ಲಿದೆ ಅಂತ ಅದು ಹೇಳುತ್ತೆ, ಚೀಲ ಬೇಗ ಹೊರಡಿಸೋದಿಲ್ಲ.

ಕೊನೆಯ ಹಂತದ ಮನುಷ್ಯನ ಬಗ್ಗೆ ಒಂದು ಮಾತು. ಹಳ್ಳಿಯ ಶಾಖಾ ಕಚೇರಿಯಲ್ಲಿ ಇರುವವರು ಗ್ರಾಮೀಣ ಅಂಚೆ ಸೇವಕರು. ದಿನಕ್ಕೆ 4-5 ಗಂಟೆಯ ಕೆಲಸ ಅಂತ ಲೆಕ್ಕ, ಅಷ್ಟಕ್ಕೇ ಭತ್ಯೆ. ಚೀಲ ಮಧ್ಯಾಹ್ನ ತಡವಾಗಿ ಬಂದರೆ, ನಾಲ್ಕು ಹಳ್ಳಿ ಸುತ್ತೋದು ಮರುದಿನಕ್ಕೆ ಹೋಗೋದು ಸಹಜ. 2018ರ ಮೇ 22ರಿಂದ ಇವರು ದೇಶದಾದ್ಯಂತ ಎರಡು ವಾರ ಮೀರಿ ಮುಷ್ಕರ ಮಾಡಿದಾಗ ಹಳ್ಳಿಗಳ ಅಂಚೆ ಹೆಚ್ಚುಕಡಿಮೆ ನಿಂತೇ ಹೋಗಿತ್ತು. ನಿಜವಾಗಿ ಮೈಗಳ್ಳರು ಇಲ್ಲವೇ ಇಲ್ಲ ಅಂತಲ್ಲ. ಅದೇ 2018ರಲ್ಲಿ ಒಡಿಶಾದ ಭದ್ರಕ್ ಜಿಲ್ಲೆಯ ಒಂದು ಹಳ್ಳಿಯಲ್ಲಿ, ವರ್ಷಗಟ್ಟಲೆ ಬಟವಾಡೆಯಾಗದ 6000ಕ್ಕೂ ಹೆಚ್ಚು ಕಾಗದಗಳು ಹಳೆಯ ಅಂಚೆ ಕಟ್ಟಡದಲ್ಲಿ ಆಟವಾಡುತ್ತಿದ್ದ ಮಕ್ಕಳ ಕೈಗೆ ಸಿಕ್ಕವು. ಅದರಲ್ಲಿ ಒಬ್ಬ ಹುಡುಗನಿಗೆ ನೌಕಾಪಡೆಯಿಂದ 2011ರಲ್ಲಿ ಬಂದ ಕಾಗದವೂ ಇತ್ತು.

"ಈಗ ಯಾರಿಗೆ ಬೇಕು ಕಾಗದ, ಎಲ್ಲ ಮೊಬೈಲಿನಲ್ಲೇ ಬರುತ್ತಲ್ಲ" ಅಂತ ನಮ್ಮಲ್ಲೇ ಕೆಲವರು ಅಂದ್ರು. ನಮ್ಮ ಅಡ್ಮಿಟ್ ಕಾರ್ಡ್ ಮೊಬೈಲಿಗೆ ಬರುತ್ತೆ, ನಿಜ. ಎಟಿಎಂ ಕಾರ್ಡು, ಡ್ರೈವಿಂಗ್ ಲೈಸೆನ್ಸು, ಪಾಸ್‌ಪೋರ್ಟು, ಕೋರ್ಟಿನ ಮತ್ತು ಸಾಲದ ನೋಟಿಸು ಇವತ್ತಿಗೂ ಚೀಲದಲ್ಲೇ ಬರೋದು. ಇನ್ನು ಕಾನೂನು ಕಾಗದ ಹೊರಟಿದ್ದನ್ನು ನೋಡುತ್ತೆ, ಮುಟ್ಟಿದ್ದನ್ನು ಅಷ್ಟಾಗಿ ಅಲ್ಲ. 1897ರ ಜನರಲ್ ಕ್ಲಾಸಸ್ ಆಕ್ಟಿನ 27ನೇ ಸೆಕ್ಷನ್ ಪ್ರಕಾರ, ಕಾಯಿದೆಯಂತೆ ಅಂಚೆಯಲ್ಲಿ ಕಳಿಸಬೇಕಾದ ನೋಟಿಸನ್ನು ಸರಿಯಾದ ವಿಳಾಸ ಬರೆದು ರಿಜಿಸ್ಟರ್ ಮಾಡಿ ಕಳಿಸಿದ್ದರೆ, ಅಂಚೆಯ ಎಂದಿನ ಕ್ರಮದಲ್ಲಿ ಯಾವತ್ತು ಮುಟ್ಟಬೇಕಿತ್ತೋ ಅವತ್ತೇ ಮುಟ್ಟಿತು ಅಂತ ಲೆಕ್ಕ. ಮುಟ್ಟಿಲ್ಲ ಅಂತ ತೋರಿಸೋ ಹೊಣೆ ನಮ್ಮದು. ತಡಕ್ಕೆ ಅಂಚೆಯವರನ್ನು ಕೇಳೋಣ ಅಂದರೆ, 2024ರ ಜೂನ್ 18ರಿಂದ ಜಾರಿಗೆ ಬಂದ ಹೊಸ ಅಂಚೆ ಕಚೇರಿ ಕಾಯಿದೆಯೂ 1898ರ ಹಳೆಯ ಕಾಯಿದೆಯ ಹಾಗೇ ಇಲಾಖೆಯನ್ನು ಹೆಚ್ಚಿನ ಹೊಣೆಯಿಂದ ಹೊರಗಿಟ್ಟಿದೆ. ಸ್ಪೀಡ್ ಪೋಸ್ಟ್ ತಡವಾದರೆ ಕೊಟ್ಟ ಶುಲ್ಕ ವಾಪಸ್ ಕೇಳಬಹುದು, ಅಷ್ಟೇ. ಕೊಬ್ಬರಿಯಲ್ಲಿ ಆದ ನಷ್ಟ ಯಾವ ಲೆಕ್ಕಕ್ಕೂ ಬರೋದಿಲ್ಲ.

2025ರಿಂದ ರಿಜಿಸ್ಟರ್ಡ್ ಪೋಸ್ಟ್ ಅನ್ನೋದು ಬೇರೆಯಾಗಿ ಉಳಿದಿಲ್ಲ, ಸ್ಪೀಡ್ ಪೋಸ್ಟಿನೊಳಗೆ ಸೇರಿದೆ. ಅದರಲ್ಲಿ ಪ್ರತಿ ಕೈಬದಲಾವಣೆಯೂ ಸ್ಕ್ಯಾನ್ ಆಗುತ್ತೆ, ಕಾಗದ ಎಲ್ಲಿ ಕೂತಿದೆ ಅಂತ ನೋಡಬಹುದು. ಅದೇ ವರ್ಷದ ಅಕ್ಟೋಬರಿನಲ್ಲಿ ದರ ಪರಿಷ್ಕರಣೆಯಾದಾಗ ವಿದ್ಯಾರ್ಥಿಗಳಿಗೆ ಶೇ 10 ರಿಯಾಯಿತಿ ಕೂಡ ಬಂತು, ಕೌಂಟರಿನಲ್ಲಿ ಕೇಳಿ. ಮಾಮೂಲಿ ಅಂಚೆಗೆ ಈ ಯಾವುದೂ ಇಲ್ಲ. ಅಜ್ಜಿಗೆ ಬಂದಿದ್ದು ಮಾಮೂಲಿ ಅಂಚೆಯಲ್ಲಿ. ಆ 6 ದಿನದಲ್ಲಿ ಕಾಗದ ಯಾವ ಕಚೇರಿಯ ಯಾವ ಚೀಲದಲ್ಲಿ ಎಷ್ಟು ರಾತ್ರಿ ಕಳೆಯಿತು ಅಂತ ಎಲ್ಲೂ ದಾಖಲೆ ಇಲ್ಲ. ಗೆಳೆಯ ಈಗ ಸಾಲದ ಖಾತೆಗೆ ತನ್ನ ಮೊಬೈಲ್ ನಂಬರ್ ಜೋಡಿಸಿದ್ದಾನೆ, ವಿಳಾಸಕ್ಕೆ 573121 ಸೇರಿಸಿದ್ದಾನೆ. ಅದಕ್ಕೂ ಮುಂಚೆ ಆ ಜಾಗದಲ್ಲಿ ಇದ್ದದ್ದು ಬರೀ "ಹಾಸನ ಜಿಲ್ಲೆ."