ಈ ಫೋಟೊಗಳಿಗೆ ದನಿಯಿದೆ!

ಕಂದುಬಣ್ಣಕ್ಕೆ ತಿರುಗಿದ ಹಳೆಯ ಫೋಟೊ. ಪರದೇಶದ ಯಾವುದೋ ಸ್ಟುಡಿಯೊ, ಹಿಂದೆ ಚಿತ್ರ ಬರೆದ ಪರದೆ, ಮುಂದೆ ಕಿಮೋನೊ ತೊಟ್ಟು ಮಂಡಿಯೂರಿ ಕೂತ ಜಪಾನಿ ವಾದಕಿಯರು. ಒಬ್ಬಳ ತೊಡೆಯ ಮೇಲೆ ಶಾಮಿಸೆನ್ ಎಂಬ ತಂತಿವಾದ್ಯ. ಅವಳ ಬಲಗೈ ನೋಡಿ! ಬೆರಳಿಗೆ ಸಿಕ್ಕಿಸುವ ನಖಿಯಲ್ಲ ಅದು. ಇಡೀ ಮುಷ್ಟಿಯಲ್ಲಿ ಹಿಡಿಯುವ, ತುದಿಗೆ ಹೋದಂತೆ ಅಗಲವಾಗುವ 'ಬಾಚಿ'. ಅದರಿಂದ ಮೂರು ರೇಷ್ಮೆ ತಂತಿಗಳನ್ನು ಮೀಟುವಾಗ ಚರ್ಮ ಬಿಗಿದ ಚೌಕನೆಯ ಮೈಗೂ ಏಟು ಬೀಳುತ್ತದೆ. ನಾದ, ತಾಳ ಎರಡೂ ಒಂದೇ ಕೈಯಲ್ಲಿ! ಮಂದ್ರದ ತಂತಿಯಲ್ಲಂತೂ ನಮ್ಮ ತಂಬೂರಿಯ ಜವಾರಿಯ ಹಾಗೆ ಝೇಂಕಾರ.

ನೂರಿಪ್ಪತ್ತು ವರ್ಷಗಳ ಹಿಂದೆ ಇಂಥವರು ಕಡಲಾಚೆ ನುಡಿಸಿದ್ದು ಹೇಗೆ ಕೇಳುತ್ತಿತ್ತು? ಊಹಿಸಿಕೊಳ್ಳುವ ಅಗತ್ಯವೇ ಇಲ್ಲ. 1900ರ ಪ್ಯಾರಿಸ್ಸಿನಲ್ಲಿ ಹಿಡಿದಿಟ್ಟ ದನಿ ಉಳಿದುಬಂದಿದೆ!

ಸಾಮಾನ್ಯ ಜಪಾನೀಯರಿಗೆ ದೇಶ ಬಿಟ್ಟು ಹೊರಡಲು ಅನುಮತಿ ಸಿಕ್ಕಿದ್ದೇ 1866ರಲ್ಲಿ. ಮೊದಲ ಪಾಸ್‌ಪೋರ್ಟ್ ಸಿಕ್ಕಿದ್ದು ರಾಯಭಾರಿಗಲ್ಲ, ವ್ಯಾಪಾರಿಗಲ್ಲ, ಸುಮಿದಗಾವ ನಾಮಿಗೊರೊ ಎಂಬ, ಆಟ ತೋರಿಸುವ ಕಲಾವಿದನಿಗೆ! ಅದರಲ್ಲಿ ಭಾವಚಿತ್ರವಿಲ್ಲ, ಕಣ್ಣು ಹೇಗೆ, ಮೂಗು ಹೇಗೆ ಎಂದು ಮಾತಿನಲ್ಲೇ ಬರೆದಿದ್ದರು. ಕಲಾವಿದರು ಹಾಗೆ ತೆರೆದ ದಾರಿಯಲ್ಲೇ 1899ರಲ್ಲಿ ಕವಾಕಾಮಿ ಒಟೊಜಿರೊನ ನಾಟಕ ತಂಡ ಅಮೆರಿಕಕ್ಕೆ ಹಡಗು ಹತ್ತಿತು. ಜೊತೆಗೆ ಹೆಂಡತಿ ಸಾದಾ ಯಾಕೊ, ಗೇಶಾ ಆಗಿ ಹಾಡು-ಕುಣಿತದಲ್ಲಿ ಪಳಗಿದವಳು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೈಯಲ್ಲಿದ್ದ ದುಡ್ಡೂ ಹೋಯಿತು. ಹಸಿದ ಹೊಟ್ಟೆಯಲ್ಲೇ ಊರೂರು ಅಲೆದರು. ತಂಡದ ಇಬ್ಬರು ಬಾಸ್ಟನ್ನಿನಲ್ಲಿ ತೀರಿಕೊಂಡರು. ಆದರೂ ನಿಲ್ಲಲಿಲ್ಲ! ಲಂಡನ್ ದಾಟಿ, 1900ರ ವಿಶ್ವ ಪ್ರದರ್ಶನದ ಹೊತ್ತಿಗೆ ಪ್ಯಾರಿಸ್ಸಿನಲ್ಲಿ, ನರ್ತಕಿ ಲೋಯಿ ಫುಲ್ಲರ್‌ಳ ರಂಗಮಂದಿರದಲ್ಲಿದ್ದರು. ಸಾದಾ ಯಾಕೊಳನ್ನು ನೋಡಲು ಪ್ಯಾರಿಸ್ಸೇ ಮುಗಿಬಿತ್ತು. ಇನ್ನೂ ಹೆಸರಾಗದ ತರುಣ ಪಿಕಾಸೊ ಅವಳ ಚಿತ್ರ ಬರೆದ.

ಅದೇ ಬೇಸಿಗೆಯಲ್ಲಿ ಗ್ರಾಮಫೋನ್ ಕಂಪನಿಯವರು ಈ ತಂಡವನ್ನು ದನಿ ಹಿಡಿಯುವ ಕೊಳವೆಯ ಮುಂದೆ ಕೂರಿಸಿದರು. ಮೈಕ್ ಇಲ್ಲ, ವಿದ್ಯುತ್ತಿನ ನೆರವಿಲ್ಲ. ಏಳು ಅಂಗುಲದ ಪ್ಲೇಟು, ಒಂದೇ ಬದಿ, ಎರಡು ನಿಮಿಷದ ಆಸುಪಾಸಿನಲ್ಲಿ ಎಲ್ಲ ಮುಗಿಯಬೇಕು. ಜಪಾನಿನಲ್ಲಿ ಒಟೊಜಿರೊ ಮನೆಮಾತಾಗಿಸಿದ್ದ ಅಣಕದ ಹಾಡು 'ಒಪ್ಪೆಕೆಪೆ'ಯನ್ನೂ ತಂಡದವರು ಹಾಡಿದರು. ದಶಕಗಳ ಕಾಲ ಮರೆವಿನಲ್ಲಿ ಬಿದ್ದಿದ್ದ ಆ ಮುದ್ರಿಕೆಗಳು 1997ರಲ್ಲಿ ಸಿ.ಡಿ.ಯಾಗಿ ಹೊರಬಂದವು. ಗರಗರ ಸದ್ದಿನ ನಡುವೆ ಮನುಷ್ಯರ ದನಿ ಏಳುತ್ತದಲ್ಲ, ಆಗ ಮೈ ಜುಮ್ಮೆನ್ನುತ್ತದೆ!

ಇನ್ನೊಂದು ಬೆರಗು ಕೇಳಿ. ಅದೇ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಟೋಕಿಯೊದಲ್ಲಿ ಮುದ್ರಣಕ್ಕೆ ಕೂತದ್ದು 1903ರಲ್ಲಿ. ಅಂದರೆ ಜಪಾನಿನ ಹಾಡು ಸ್ವಂತ ನೆಲಕ್ಕಿಂತ ಮೂರು ವರ್ಷ ಮೊದಲೇ ಪ್ಯಾರಿಸ್ಸಿನಲ್ಲಿ ಪ್ಲೇಟು ಸೇರಿತ್ತು! ಅದೇ ಪಯಣದ ದಾರಿಯಲ್ಲಿ, 1902ರ ನವೆಂಬರಿನಲ್ಲಿ, ಅವನು ಕಲ್ಕತ್ತೆಯಲ್ಲಿ ಗೌಹರ್ ಜಾನ್‌ಳ ದನಿ ಹಿಡಿದ. ಹೌದು, ಮುಂದೆ ಮೈಸೂರು ಅರಮನೆಯ ಗಾಯಕಿಯಾಗಿ, 1930ರಲ್ಲಿ ಮೈಸೂರಿನಲ್ಲೇ ಕಣ್ಣುಮುಚ್ಚಿದ ಅದೇ ಗೌಹರ್ ಜಾನ್!

ಕವಾಕಾಮಿ ತಂಡದ ಕಥೆ ಪ್ಯಾರಿಸ್ಸಿಗೇ ನಿಲ್ಲುವುದಿಲ್ಲ. 1901ರಲ್ಲಿ ಅವರು ಬರ್ಲಿನ್ನಿಗೆ ಬಂದಾಗ ಅಲ್ಲಿನ ವಿದ್ವಾಂಸರು ಮೇಣದ ಉರುಳೆಗಳ ಮೇಲೆ ಅವರ ಸಂಗೀತ ಮುದ್ರಿಸಿಕೊಂಡರು. ಅವರಲ್ಲಿ ಆಬ್ರಹಾಂ ಮತ್ತು ಹಾರ್ನ್‌ಬೋಸ್ಟೆಲ್ ಎಂಬಿಬ್ಬರು ಆ ಸ್ವರಗಳನ್ನು ಒಂದೊಂದಾಗಿ ಅಳೆದು, ಜಪಾನಿ ಸಂಗೀತದ ಸ್ವರವ್ಯವಸ್ಥೆಯ ಬಗ್ಗೆ 1903ರಲ್ಲಿ ಪ್ರಬಂಧವನ್ನೇ ಪ್ರಕಟಿಸಿದರು. ಹೊಟ್ಟೆಪಾಡಿಗೆ ಊರೂರು ಸುತ್ತಿದ ನಾಟಕದವರ ಶಾಮಿಸೆನ್ ಜರ್ಮನ್ ಪಂಡಿತರಿಗೆ ಪಾಠವಾಯಿತು!