ಬಿಜಯಂಗೈಯುವ ಸುಖ

ಕೆಲವರಿಗೆ ಒಂದು ರಾಗದ ಮೇಲೆ, ಕೆಲವರಿಗೆ ಒಂದು ತಿಂಡಿಯ ಮೇಲೆ ಮೋಹವಿರುವಂತೆ ನನಗೆ ಒಂದು ಶಬ್ದದ ಮೇಲೆ ಮೋಹ. ಅದು 'ಬಿಜಯಂಗೈ'. ಪೂಜ್ಯರು ಬರುವುದು ಅಥವಾ ತೆರಳುವುದು ಎಂದು ತರಗತಿಯಲ್ಲಿ ನೂರಾರು ಸಲ ಅದರ ಅರ್ಥವನ್ನು ಹೇಳಿದ್ದೇನೆ. ಆದರೆ ಅರ್ಥ ಹೇಳುವ ಸುಖ ಬೇರೆ, ಆಡುವ ಸುಖ ಬೇರೆ. ಈಗ ನಮ್ಮ ಮನೆಯ ನಲ್ಲಿಯಲ್ಲಿ ನೀರು ಬರುವುದಿಲ್ಲ, ಬಿಜಯಂಗೈಯುತ್ತದೆ. ಎರಡು ದಿನಕ್ಕೊಮ್ಮೆ ಮುಖ ತೋರಿಸುವ ನೀರಿಗೆ 'ಬಂತು' ಎಂಬ ಬಡ ಕ್ರಿಯಾಪದ ಸಾಲದೆಂದು ನನ್ನಾಕೆಯ ಅಭಿಪ್ರಾಯವೂ ಹೌದು.

ಸಂಸ್ಕೃತದ 'ವಿಜಯ'ವೇ ತದ್ಭವವಾಗಿ 'ಬಿಜಯ'ವಾಯಿತು. ಮೊದಲಲ್ಲಿರುವ ವಕಾರವನ್ನು ಬಕಾರ ಮಾಡುವುದು ಕನ್ನಡ ನಾಲಗೆಯ ಹಳೆಯ ಅಭ್ಯಾಸ. ವೀರ ಬೀರನಾದ, ವೃಷಭ ಬಸವನಾದ, ವ್ಯವಸಾಯ ಬೇಸಾಯವಾಯಿತು, ವಿಜ್ಞಾಪನ ಬಿನ್ನಪವಾಯಿತು. 13ನೆಯ ಶತಮಾನದ ಕೇಶಿರಾಜ ಇಂಥ ಮಾರ್ಪಾಡುಗಳಿಗೆಂದೇ 'ಶಬ್ದಮಣಿದರ್ಪಣ'ದಲ್ಲಿ ಒಂದು ಪ್ರಕರಣವನ್ನು ಮೀಸಲಿರಿಸಿದ್ದಾನೆ. ಗೆಲುವನ್ನು ಹೇಳುವ ಶಬ್ದ ಆಗಮನವನ್ನು ಹೇಳುವ ಶಬ್ದವಾದುದು ಹೇಗೆ? ದೊರೆ ಹೆಜ್ಜೆಯಿಟ್ಟದ್ದೇ ಗೆಲುವು ಎಂಬ ಭಾವನೆ ಇದರ ಹಿಂದೆ ಇರಬೇಕೆಂದು ನನಗೆ ತೋರುತ್ತದೆ.

ಇದರ ಬಂಧುವಾದ 'ಚಿತ್ತೈಸು' ಅದೃಷ್ಟಶಾಲಿ. ಉಡುಪಿಯ ಕಡೆ ಮಠದ ಸ್ವಾಮಿಗಳು ಇಂದಿಗೂ ಚಿತ್ತೈಸುತ್ತಾರೆ. 'ಬಿಜಯಂಗೈ' ಹೆಚ್ಚಾಗಿ ಪುಸ್ತಕಗಳಲ್ಲಿಯೇ ಉಳಿಯಿತು. 1894ರಲ್ಲಿ ಅಚ್ಚಾದ ಕಿಟ್ಟೆಲ್ಲರ ನಿಘಂಟನ್ನು ತಿರುವಿದರೆ ಇಂಥ ಹಳೆಯ ಶಬ್ದಗಳು ಎಷ್ಟೋ ಸಿಗುತ್ತವೆ. ಅಲ್ಲಿ ಅವು ಕ್ಷೇಮವಾಗಿವೆ, ನಿಜ. ಆದರೆ ಅಟ್ಟದ ಮೇಲಿನ ತಾಮ್ರದ ಹಂಡೆಯೂ ಕ್ಷೇಮವಾಗಿಯೇ ಇರುತ್ತದೆ. ನೀರು ಕಾಯುವುದಿಲ್ಲ, ಅಷ್ಟೆ.

ಬಳಕೆಗೆ ತಂದರೆ ಒಂದು ಅಪಾಯವುಂಟು. ಮರ್ಯಾದೆಯ ಮಾತುಗಳು ಮನೆಮಾತಿನಲ್ಲಿ ಬೇಗ ವ್ಯಂಗ್ಯಕ್ಕೆ ಜಾರುತ್ತವೆ. 'ಮಹಾನುಭಾವ', 'ಪುಣ್ಯಾತ್ಮ' ಎಂಬ ಮಾತುಗಳ ಗತಿಯನ್ನು ನೋಡಿ. ಇಂದು ಯಾರನ್ನಾದರೂ ಪುಣ್ಯಾತ್ಮ ಎಂದರೆ ಆತ ಏನೋ ಎಡವಟ್ಟು ಮಾಡಿದ್ದಾನೆಂದೇ ಅರ್ಥ. 'ಸವಾರಿ ಎಲ್ಲಿಗೆ ಹೊರಟಿತು?' ಎಂಬುದರಲ್ಲಿಯೂ ಅರಮನೆಯ ಗಾಂಭೀರ್ಯ ಉಳಿದಿಲ್ಲ. ಕಚೇರಿಯಿಂದ ತಡವಾಗಿ ದಣಿದು ಬಂದ ಸೊಸೆಗೆ 'ಬಿಜಯಂಗೈದಿರಾ?' ಎಂದರೆ ಆ ಶಬ್ದ ಚೂರಿಯಾಗುತ್ತದೆ. ಆದ್ದರಿಂದ ಕೋಪದಲ್ಲಿ ಅದನ್ನು ಆಡಕೂಡದೆಂದು ನಮ್ಮಲ್ಲಿ ಕಟ್ಟಳೆ ಮಾಡಿಕೊಂಡಿದ್ದೇವೆ. ನಿಜವಾಗಿಯೂ ಯಾರಿಗಾಗಿ ಕಾದಿದ್ದೇವೆಯೋ ಅವರಿಗೆ ಮಾತ್ರ ಅದು ಸಲ್ಲುತ್ತದೆ. ನೀರು, ಅಂಚೆಯವರು, ರಜೆಗೆ ಬರುವ ಮೊಮ್ಮಗಳು, ಬೆಳಗಿನ ಹೂವಿನಾಕೆ.

ಈ ಹೂವಿನಾಕೆ ನಮ್ಮ ಮಾತನ್ನು ಕೇಳಿ ನಗುತ್ತಿದ್ದವಳು, ಮೊನ್ನೆ ಮೊಳ ಹಾಕುತ್ತ, "ನಾಳೆ ನಾನು ಬಿಜಯ ಮಾಡಾಕಿಲ್ಲ ಕಣಮ್ಮ, ಊರಾಗೆ ಜಾತ್ರೆ" ಎಂದಳು. ತನಗೆ ತಾನೇ ಗೌರವಸೂಚಕವನ್ನು ಹಚ್ಚಿಕೊಳ್ಳಬಾರದೆಂದು ಬಲ್ಲವರು ಹೇಳುತ್ತಾರೆ. ನಾನು ತಿದ್ದಹೋಗಲಿಲ್ಲ. 'ಬಿಜಯಮಾಡು' ಎಂಬ ರೂಪ ಹಳೆಯ ಕನ್ನಡದಲ್ಲಿ ಉಂಟು. ಅದನ್ನು ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ.