ಗೇಟಿಗೊರಗಿ ಆಡುವ ಮಾತು: ಐರ್ಲೆಂಡಿನ ದನ ಸಾಕುವವರ ನಡುವೆ ಎರಡೂವರೆ ತಿಂಗಳು

ದನಕರು ಸಾಕಿದವರು ಎಲ್ಲಿ ಕಲೆತರೂ ಮಾತು ಸುತ್ತಿ ಬಳಸಿ ಮೇವಿಗೇ ಬರುತ್ತದೆ. ನಮ್ಮ ಚಳ್ಳಕೆರೆ ಸೀಮೆಗೆ ಇದು ಹೇಗೋ, ಐರ್ಲೆಂಡಿಗೂ ಹಾಗೇ ಅಂತ 2024ರಲ್ಲಿ ಕಣ್ಣಾರೆ ಕಂಡೆ. ಮಗಳು ಅಲ್ಲಿ ನರ್ಸ್ ಕೆಲಸದಲ್ಲಿದ್ದಾಳೆ. ಅವಳ ಬಾಣಂತನಕ್ಕೆ ನನ್ನ ಮನೆಯವರು ಹೊರಟಾಗ ಜೊತೆಗೆ ನನ್ನನ್ನೂ ಹೊರಡಿಸಿದರು. ಮಾರ್ಚ್ ನಡುವಿನಿಂದ ಜೂನ್ ಮೊದಲ ವಾರದವರೆಗೆ ಅಲ್ಲಿದ್ದೆವು.

ಬಾಣಂತಿ ಮನೆಯಲ್ಲಿ ಗಂಡಸಿಗೆ ಏನು ಕೆಲಸ? ಮಗಳ ಬಾಡಿಗೆ ಮನೆ ರಾಸ್ಕಾಮನ್ ಕೌಂಟಿಯಲ್ಲಿ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಮನೆ ಪೇಟೆಯಿಂದ ನಾಲ್ಕು ಮೈಲಿ ಹೊರಗೆ, ಸುತ್ತ ಬರೀ ಹುಲ್ಲುಗಾವಲು, ಕಲ್ಲುಗೋಡೆ, ಬೇಲಿ. ಪಕ್ಕದ ಜಮೀನು ಎಪ್ಪತ್ತರ ಹತ್ತಿರದ ಒಬ್ಬ ಅಜ್ಜನದು. ಒಂಟಿ ಮನುಷ್ಯ. ಹದಿನಾಲ್ಕು ಹಸು, ಒಂದಷ್ಟು ಕುರಿ, ಒಂದು ನಾಯಿ. ನಾನು ದಿನಾ ಅವರ ಗೇಟಿನ ಹತ್ತಿರ ನಿಂತು ದನ ನೋಡುತ್ತಿದ್ದೆ. ನಾಲ್ಕನೇ ದಿನಕ್ಕೆ ಅವರೇ ಬಂದು ಗೇಟು ತೆಗೆದರು. ನನ್ನದು ಏಳನೇ ಕ್ಲಾಸಿನ ಓದು, ಇಂಗ್ಲಿಷು ಅಷ್ಟಕ್ಕಷ್ಟೆ. ಅಳಿಯ ಇದ್ದಾಗ ಅವನು ತಿಳಿಸಿ ಹೇಳುತ್ತಿದ್ದ. ಇಲ್ಲದಾಗ ಕೈ ಬಾಯಿ ಸನ್ನೆ. ಗಬ್ಬದ ಹಸುವಿನ ಕೆಚ್ಚಲು ತೋರಿಸಿ ಬೆರಳು ಎಣಿಸಿದರೆ ಯಾವ ದೇಶದ ರೈತನಿಗೂ ತಿಳಿಯುತ್ತದೆ.

ಮಗಳು ಮೊದಲೇ ಎಚ್ಚರಿಸಿದ್ದಳು. "ಅಪ್ಪ, ಇಲ್ಲಿ ಯಾರನ್ನೂ ಎಷ್ಟು ಎಕರೆ, ಎಷ್ಟು ದನ ಅಂತ ಕೇಳ್ಬೇಡ. ಬ್ಯಾಂಕಿನಲ್ಲಿ ಎಷ್ಟು ದುಡ್ಡಿದೆ ಅಂತ ಕೇಳಿದ ಹಾಗೆ ಆಗ್ತದೆ." ನಮ್ಮಲ್ಲಿ ಬಸ್ಸಿನಲ್ಲಿ ಪಕ್ಕ ಕೂತವರೂ ಅದನ್ನೇ ಮೊದಲು ಕೇಳುತ್ತಾರಲ್ಲ! ಲೆಕ್ಕದ ಪುಸ್ತಕದಲ್ಲಿ ಇರುವುದನ್ನಾದರೆ ಹೇಳಬಹುದು. 2020ರ ಅಲ್ಲಿನ ಕೃಷಿ ಗಣತಿಯಂತೆ ಸರಾಸರಿ ಹಿಡುವಳಿ 33 ಹೆಕ್ಟೇರು, ಅಂದರೆ ಎಂಬತ್ತು ಎಕರೆ ಮೇಲೆ. ಬೇಸಾಯಗಾರರಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಒಬ್ಬರು 65 ದಾಟಿದವರು. ಇಡೀ ದೇಶದಲ್ಲಿ ಜನ 50 ಲಕ್ಷ ಚಿಲ್ಲರೆ, ದನ 70 ಲಕ್ಷದ ಸುಮಾರು. ಜನಕ್ಕಿಂತ ದನ ಜಾಸ್ತಿ ಇರುವ ಊರಲ್ಲಿ ಮಾತು ದನದ್ದೇ ಆಗದೆ ಇನ್ನೇನಾದೀತು?

ಮಳೆ ಬಂದೂ ಮೇವಿಲ್ಲ

ನಾನು ಹೊರಟಾಗ ನಮ್ಮಲ್ಲಿ ಬರ. 2023ರಲ್ಲಿ ಸರ್ಕಾರ ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಅಂತ ಸಾರಿತ್ತು. ಶೇಂಗಾ ಗಿಡ ಗೇಣುದ್ದ ಎದ್ದು ಒಣಗಿತ್ತು, ಕಾಯಿಯೂ ಇಲ್ಲ, ಹೊಟ್ಟೂ ಇಲ್ಲ. ಒಂದು ಜೊತೆ ಎತ್ತು, ಮೂವತ್ತು ಕುರಿ ತಮ್ಮನಿಗೆ ಒಪ್ಪಿಸಿ ಬಂದಿದ್ದೆ. ಐರ್ಲೆಂಡಿನ ಹಸಿರು ನೋಡಿ, ಇವರಿಗೆ ಮೇವಿನ ಚಿಂತೆ ಎಲ್ಲಿಯದು ಅಂತ ಯಾರಿಗಾದರೂ ಅನ್ನಿಸುವಂಥದ್ದೇ.

ಅಲ್ಲಿಯ ಕಥೆ ಬೇರೆ. ದನಗಳು ಅಕ್ಟೋಬರ್ ನವೆಂಬರಿಗೆ ಕೊಟ್ಟಿಗೆ ಸೇರಿದರೆ ಹೊರಗೆ ಬಿಡುವುದು ಮಾರ್ಚ್ ಏಪ್ರಿಲ್‌ನಲ್ಲಿ. ಅಷ್ಟು ತಿಂಗಳಿಗೆ ಬೇಸಿಗೆಯಲ್ಲೇ ಹುಲ್ಲು ಕೊಯ್ದು, ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಸುತ್ತಿ ಸೈಲೇಜ್ ಮಾಡಿಡುತ್ತಾರೆ. ಕರೀ ಉಂಡೆಗಳ ಸಾಲು ಮನೆ ಹಿಂದೆ ಇದ್ದರೆ ಅದೇ ಅವರ ಬಣವೆ. 2023ರ ಜುಲೈ ಅವರ ದಾಖಲೆಯಲ್ಲೇ ಅತಿ ಹೆಚ್ಚು ಮಳೆಯಾದ ಜುಲೈ. ಕೊಯ್ಲು ಕೆಟ್ಟಿತು. ಆಮೇಲೆ 2024ರ ಮಾರ್ಚ್ ಏಪ್ರಿಲ್‌ನಲ್ಲೂ ಮಳೆ ಬಿಡಲಿಲ್ಲ. ಹೊಲದಲ್ಲಿ ಹುಲ್ಲು ಇತ್ತು, ದನ ಬಿಡುವಂತಿರಲಿಲ್ಲ. ಆರು ಏಳು ಕ್ವಿಂಟಲ್ ತೂಗುವ ಹಸು ಹಸೀ ನೆಲದಲ್ಲಿ ಕಾಲಿಟ್ಟರೆ ಮೊಣಕಾಲುದ್ದ ಹೂಳುತ್ತದೆ, ಹುಲ್ಲು ಬೇರುಸಹಿತ ಕಿತ್ತು ಕೆಸರಾಗುತ್ತದೆ, ಆ ವರ್ಷದ ಮೇವೇ ಹೋಯಿತು. ಹೀಗಾಗಿ ಕಣ್ಣೆದುರು ಹುಲ್ಲು, ಕೊಟ್ಟಿಗೆಯಲ್ಲಿ ಹಸಿದ ದನ. ಅಜ್ಜನ ಬಳಿ ಕರೀ ಉಂಡೆ ಹನ್ನೊಂದು ಉಳಿದಿದ್ದವು. ಅದನ್ನು ಅವರು ಬಾಯಲ್ಲಿ ಹೇಳಲಿಲ್ಲ, ನಾನೇ ಎಣಿಸಿದ್ದು.

ನಮ್ಮ ಬರದ ವಿಷಯ ಅಳಿಯ ಹೇಳಿದಾಗ ಅಜ್ಜ ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದರೆ ಈಗ ಎತ್ತಿಗೆ ಏನು ಹಾಕ್ತಾರೆ?" ಕೊಂಡ ರಾಗಿಹುಲ್ಲು, ಕುರಿಗೆ ಜಾಲಿಕಾಯಿ ಅಂದೆ. ಜಾಲಿಕಾಯಿ ವಿಚಾರ ಅವರಿಗೆ ಬಹಳ ಹಿಡಿಸಿತು. ಮುಳ್ಳು ಎಷ್ಟುದ್ದ, ಕಾಯಿ ಯಾವಾಗ ಉದುರುತ್ತದೆ, ಎಲ್ಲ ಕೇಳಿದರು.

ಹೇಳುವುದೊಂದು, ತಿಳಿಯುವುದೊಂದು

ಅವರ ಮಾತಿನ ರೀತಿ ನನಗೆ ಅರ್ಥವಾಗಲು ತಿಂಗಳು ಹಿಡಿಯಿತು. ಕಾರಿನಲ್ಲಿ ಎದುರಾದವರು ಸ್ಟೇರಿಂಗ್ ಮೇಲಿಂದ ಒಂದೇ ಬೆರಳು ಎತ್ತುತ್ತಾರೆ, ಅದೇ ನಮಸ್ಕಾರ. ಹೇಗಿದ್ದೀರಿ ಅಂದರೆ "ಅಷ್ಟೇನೂ ಕೆಟ್ಟಿಲ್ಲ" ಅನ್ನುತ್ತಾರೆ. ಇದರ ಅರ್ಥ ಚೆನ್ನಾಗಿದ್ದೇನೆ ಅಂತಲೂ ಇರಬಹುದು, ನಿನ್ನೆ ರಾತ್ರಿ ಕರು ಸತ್ತಿತು ಅಂತಲೂ ಇರಬಹುದು. ದನಿಯಲ್ಲಿ ತಿಳಿಯಬೇಕು. ಜಿಟಿಜಿಟಿ ಮಳೆಗೆ ಅವರು ಹೇಳುವುದು "ಸಾಫ್ಟ್ ಡೇ" ಅಂತ, ಮೆತ್ತನೆ ದಿನ! ನಮಗೆ ಅಂಥ ಒಂದು ಮೆತ್ತನೆ ದಿನ ಆಗಸ್ಟಿನಲ್ಲಿ ಸಿಕ್ಕರೆ ಶೇಂಗಾಕ್ಕೆ ಜೀವ ಬರುತ್ತದೆ.

ಕೆಲಸ ಮಾಡುವವರ ಹತ್ತಿರ ಹಾದುಹೋಗುವಾಗ "ದೇವರ ಹರಕೆ ಈ ಕೆಲಸದ ಮೇಲಿರಲಿ" ಅಂತ ಐರಿಷ್ ಭಾಷೆಯಲ್ಲಿ ಹೇಳುವ ರೂಢಿ ಇತ್ತಂತೆ. ನಮ್ಮಲ್ಲಿ ಕಣದ ಹತ್ತಿರ ಹೋದವರು "ಹುಲುಸಾಗಲಿ" ಅನ್ನುವುದಿಲ್ಲವೇ, ಹಾಗೆ. ಬೇರೆಯವರ ದನ ಹೊಗಳಿದರೆ ಹಿಂದೆಯೇ ದೇವರ ಹೆಸರು ಸೇರಿಸಬೇಕು, ಇಲ್ಲದಿದ್ದರೆ ದೃಷ್ಟಿ. ಹಳಬರು ಈಗಲೂ ಬಿಟ್ಟಿಲ್ಲ.

ಸಂತೆಯ ವಿಷಯ. ಅವರ ಮಾರ್ಟಿನಲ್ಲಿ ದನ ಒಂದೊಂದೇ ಕಟಕಟೆಯೊಳಗೆ ಬರುತ್ತದೆ, ತೂಕ ಮೇಲೆ ಬೋರ್ಡಿನಲ್ಲಿ ಬೀಳುತ್ತದೆ, ಕೂಗುವವನು ಉಸಿರು ಬಿಡದೆ ಕೂಗುತ್ತಾನೆ. ಕೊಳ್ಳುವವರು ಹುಬ್ಬು ಅಲ್ಲಾಡಿಸಿದರೂ ಅದು ಸವಾಲು. ನಮ್ಮ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ದರ ಹೇಳುವ ಪದ್ಧತಿ ತೋರಿಸಿಕೊಟ್ಟೆ, ಕ್ಯಾಂಟೀನಿನಲ್ಲಿ ಐದಾರು ಜನ ಸೇರಿ ನೋಡಿದರು. ಅವರಲ್ಲೂ ಮೊದಲು ಬೀದಿ ಸಂತೆಯಿತ್ತು, ಅಂಗೈಗೆ ಉಗುಳಿ ಕೈ ಹೊಡೆದರೆ ವ್ಯಾಪಾರ ಮುಗಿಯಿತು. ಮಾರಿದವನು ಕೊಂಡವನಿಗೆ ಅದೃಷ್ಟದ ಕಾಸು ಅಂತ ಸ್ವಲ್ಪ ವಾಪಸು ಕೊಡುತ್ತಿದ್ದ. ಅದು ಇಂದೂ ಅಲ್ಲಲ್ಲಿ ಉಂಟು.

ಆದರೆ 2020ರ ಕೊರೊನಾದಿಂದ ಮೊಬೈಲಿನಲ್ಲೇ ಸವಾಲು ಕೂಗುವುದು ಬಂದಿದೆ. ದರಕ್ಕೆ ಮೋಸವಿಲ್ಲ. ಆದರೆ ಹಳಬರು ಮಾರ್ಟಿಗೆ ಬರುತ್ತಿದ್ದುದು ದರಕ್ಕೊಂದೇ ಅಲ್ಲವಲ್ಲ. ಹಿಂದೆ ಬೆಳಿಗ್ಗೆ ಕತ್ತೆಗಾಡಿಯಲ್ಲಿ ಹಾಲಿನ ಕ್ಯಾನು ಹೇರಿಕೊಂಡು ಕ್ರೀಮರಿಗೆ ಹೋಗಿ ಸಾಲು ನಿಲ್ಲುತ್ತಿದ್ದರಂತೆ, ಊರ ಸುದ್ದಿಯೆಲ್ಲ ಅಲ್ಲಿ. ಆಮೇಲೆ ಟ್ಯಾಂಕರು ಮನೆ ಬಾಗಿಲಿಗೇ ಬಂತು, ಸಾಲು ನಿಂತುಹೋಯಿತು. ನಮ್ಮೂರ ಡೇರಿ ಮುಂದೆ ಬೆಳಿಗ್ಗೆ ಸಂಜೆ ನಿಲ್ಲುವವರು ಹಾಲಿನ ಫ್ಯಾಟ್ ಬಗ್ಗೆ ಜಗಳವಾಡುತ್ತಾರೆ ಅಂತ ನಾವು ಬೈದುಕೊಳ್ಳುತ್ತೇವೆ. ಅಲ್ಲಿ ಜಗಳಕ್ಕೂ ಜನ ಸಿಗುವುದಿಲ್ಲ.

ನಾಯಿ, ಬೆಕ್ಕು, ತಬ್ಬಲಿ ಮರಿ

ಅಜ್ಜನ ನಾಯಿ ಕಪ್ಪು ಬಿಳುಪಿನ ಕೋಲಿ ಜಾತಿ, ಹೆಸರು ಶೆಪ್. ಒಂದು ಸಿಳ್ಳೆಗೆ ಬಲಗಡೆ, ಇನ್ನೊಂದಕ್ಕೆ ಎಡಗಡೆ, ಮತ್ತೊಂದಕ್ಕೆ ನಿಂತಲ್ಲೇ ಮಲಗುವುದು. ಬೊಗಳುವುದಿಲ್ಲ, ಕಚ್ಚುವುದಿಲ್ಲ, ಕಣ್ಣಲ್ಲೇ ಕುರಿ ತಿರುಗಿಸುತ್ತದೆ. ನಮ್ಮ ಕುರಿಗಾರರ ನಾಯಿ ತೋಳ ಕಾಯುವುದಕ್ಕೆ, ಇದು ಕುರಿ ಕೂಡಿಸುವುದಕ್ಕೆ, ಕಸುಬೇ ಬೇರೆ. ಟ್ರ್ಯಾಕ್ಟರಿನಲ್ಲಿ ಅಜ್ಜನ ಪಕ್ಕ ಅದರ ಜಾಗ. ತಮ್ಮ ಅಣ್ಣ ತೀರಿಹೋದದ್ದನ್ನು ಅಜ್ಜ ಒಂದು ವಾಕ್ಯದಲ್ಲಿ ಮುಗಿಸಿದರು, ಹಳೇ ನಾಯಿ ಸತ್ತದ್ದನ್ನು ಅರ್ಧ ಗಂಟೆ ಹೇಳಿದರು. ಅಣ್ಣನ ಬಗ್ಗೆ ಹೇಳಬೇಕಾದ್ದೂ ಅದರಲ್ಲೇ ಇತ್ತು ಅಂತ ನನಗೆ ಕಂಡಿತು.

ತಾಯಿ ಸತ್ತ ಕುರಿಮರಿಗಳನ್ನು ಅಡಿಗೆಮನೆಯ ಒಲೆ ಹತ್ತಿರ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಬಾಟಲಿ ಹಾಲು ಕುಡಿಸುತ್ತಾರೆ. ಒಲೆಗೆ ಟರ್ಫ್, ಅಂದರೆ ಜೌಗು ನೆಲದ ಮಣ್ಣನ್ನು ಇಟ್ಟಿಗೆಯಂತೆ ಕಡಿದು ಒಣಗಿಸಿದ್ದು. ಬೆರಣಿಯಂತೆ ನಿಧಾನ ಉರಿಯುತ್ತದೆ, ವಾಸನೆ ಚೆನ್ನ. ಮಕ್ಕಳಿರುವ ಮನೆಯಲ್ಲಿ ಮರಿಗೆ ಹೆಸರಿಡಬೇಡಿ ಅಂತ ದೊಡ್ಡವರು ಹೇಳುತ್ತಾರೆ, ಮಕ್ಕಳು ಇಟ್ಟೇ ಇಡುತ್ತಾರೆ, ಮರಿ ಬಲಿತ ಮೇಲೆ ಅಳು. ಇದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಉಣ್ಣೆಗೆ ಮಾತ್ರ ಕಿಮ್ಮತ್ತಿಲ್ಲ, ಕತ್ತರಿಸುವ ಕೂಲಿಯೇ ಉಣ್ಣೆಯ ದುಡ್ಡಿಗಿಂತ ಹೆಚ್ಚು. ಕಂಬಳಿ ಊರಿನವನಾದ ನನಗೆ ಅದು ನೋಡಲಾಗಲಿಲ್ಲ.

ಮೂರು ದಿನದ ಕಾಯುವಿಕೆ

ಏಪ್ರಿಲ್ ನಡುವಿನಲ್ಲಿ ಅಜ್ಜನ ದನಗಳಿಗೆ ಕ್ಷಯದ ಪರೀಕ್ಷೆ ಬಂತು. ಅಲ್ಲಿ 1954ರಿಂದ ದನದ ಕ್ಷಯ ತೊಲಗಿಸುವ ಕಾರ್ಯಕ್ರಮ ನಡೆದಿದೆ, ಇನ್ನೂ ಪೂರ್ತಿ ಹೋಗಿಲ್ಲ. ಬ್ಯಾಡ್ಜರ್ ಅನ್ನುವ ಬಿಲದ ಪ್ರಾಣಿಯಿಂದಲೂ ಹರಡುತ್ತದೆ. ವರ್ಷಕ್ಕೊಮ್ಮೆ ಪ್ರತಿ ದನದ ಕುತ್ತಿಗೆಯಲ್ಲಿ ಎರಡು ಕಡೆ ಕೂದಲು ಕತ್ತರಿಸಿ, ಚರ್ಮದ ದಪ್ಪ ಅಳೆದು, ಸೂಜಿ ಹಾಕುತ್ತಾರೆ. 72 ಗಂಟೆ ಬಿಟ್ಟು ಡಾಕ್ಟರು ಮತ್ತೆ ಬಂದು ಗಂಟು ಅಳೆಯುತ್ತಾರೆ. ಒಂದು ದನಕ್ಕೆ ಬಂದಿದ್ದರೂ ಅದು ಕಟುಕರ ಮನೆಗೆ. ಪರಿಹಾರ ಕೊಡುತ್ತಾರೆ. ಉಳಿದ ದನವನ್ನು ಮಾತ್ರ, ಅರವತ್ತು ದಿನದ ಅಂತರದಲ್ಲಿ ಎರಡು ಪರೀಕ್ಷೆ ಪಾಸಾಗುವವರೆಗೆ ಮಾರ್ಟಿಗೆ ಒಯ್ಯುವಂತಿಲ್ಲ.

ಸೋಮವಾರ ಸೂಜಿ ಹಾಕಿದರು. ಮಂಗಳವಾರ ಬೆಳಿಗ್ಗೆ ಒಬ್ಬರು ಹಗ್ಗ ವಾಪಸು ಕೊಡಲು ಬಂದರು. ಮಧ್ಯಾಹ್ನ ಇನ್ನೊಬ್ಬರು ಜಂತುಹುಳದ ಔಷಧಿ ಕುಡಿಸುವ ಪಿಚಕಾರಿ ಕೇಳಲು. ಬುಧವಾರ ಮೂವರು. ಎಲ್ಲರೂ ಗೇಟಿಗೊರಗಿ ಮಳೆ, ನಾಯಿ, ಭಾನುವಾರದ ಫುಟ್ಬಾಲು, ಯಾರದೋ ಕತ್ತೆ ರಸ್ತೆಗೆ ಬಂದದ್ದು, ಇಷ್ಟೇ ಮಾತಾಡಿದರು. ಪರೀಕ್ಷೆಯ ಸುದ್ದಿಯನ್ನು ಒಬ್ಬರೂ ಎತ್ತಲಿಲ್ಲ. ಬಂದದ್ದು ಅದಕ್ಕೇ ಅಂತ ಅಜ್ಜನಿಗೂ ಗೊತ್ತು, ಅವರಿಗೂ ಗೊತ್ತು. ಒಬ್ಬರ ಹಗ್ಗವಂತೂ ಅಜ್ಜನದೇ ಅಲ್ಲವಂತೆ.

2001ರಲ್ಲಿ ಕಾಲುಬಾಯಿ ಜ್ವರ ಬಂದಾಗಿನ ಮಾತು ಅಜ್ಜ ಹೇಳಿದ್ದು ಆ ಬುಧವಾರ ಸಂಜೆ. ಗಣರಾಜ್ಯದಲ್ಲಿ ಕಂಡದ್ದು ಲೌತ್ ಕೌಂಟಿಯ ಒಂದೇ ಕಡೆ, ಆದರೆ ದೇಶವಿಡೀ ಗೇಟಿಗೆ ಔಷಧಿ ನೆನೆಸಿದ ಚಾಪೆ ಹಾಸಿದರು, ಒಬ್ಬರ ಜಮೀನಿಗೆ ಒಬ್ಬರು ಹೋಗಲಿಲ್ಲ. "ರೋಗ ನನ್ನ ಹಟ್ಟಿಗೆ ಬರಲಿಲ್ಲ. ಆದರೆ ವಾರಗಟ್ಟಲೆ ಗೇಟಿಗೆ ಯಾರೂ ಬರಲಿಲ್ಲ" ಅಂದರು.

ಗುರುವಾರ ಡಾಕ್ಟರು ಅಳೆದರು. ಹದಿಮೂರು ಹಸು ಪಾಸು. ಎಲ್ಲಕ್ಕಿಂತ ಹಳೇದು, ಹದಿನಾಲ್ಕು ವರ್ಷದ ಕೆಂದ ಹಸು, ಉಳಿದವೆಲ್ಲ ಅದರ ಹಿಂದೆಯೇ ನಡೆಯುತ್ತಿದ್ದವು, ಅದಕ್ಕೆ ಬಂದಿತ್ತು. ಅದು ಕರು ಹಾಕಿ ಮೂರು ವಾರ. ಕೊಂಡೊಯ್ಯುವ ಲಾರಿ ಬಂದ ದಿನ ಅಜ್ಜ ಹಗ್ಗ ಹಾಕಲಿಲ್ಲ, ಮುಂದೆ ನಡೆದರು, ಹಸು ಹಿಂದೆ ಹೋಯಿತು. ನನ್ನ ಮನೆಯವರು ಕಿಟಕಿಯಿಂದ ನೋಡಿ ಒಳಗೆ ಹೋಗಿಬಿಟ್ಟರು.

ಅದಕ್ಕಿಂತ ದೊಡ್ಡ ಪೆಟ್ಟು ಬೇರೆಯದು. ಮೇ ತಿಂಗಳಲ್ಲಿ ಮಾರಬೇಕಿದ್ದ ಒಂಬತ್ತು ಹೋರಿಗರು ಕೊಟ್ಟಿಗೆಯಲ್ಲೇ ಉಳಿದವು. ಮಾರುವಂತಿಲ್ಲ, ಹಾಕಲು ಮೇವಿಲ್ಲ, ಹೊರಗೆ ಬಿಡಲು ನೆಲ ಒಣಗಿಲ್ಲ.

ಬಂದವರು ಹೇಳಿದ್ದು ಎರಡೇ ಮಾತು. ಒಂದು, "ಜೀವದ ದನ ಇರುವ ಕಡೆ ಸತ್ತ ದನವೂ ಇರುತ್ತದೆ." ಇನ್ನೊಂದು, "ಹಿತ್ತಲ ಬಾಗಿಲಾಚೆ ಆದದ್ದು ತಾನೆ." ಮನೆಯೊಳಗಿನವರಿಗೆ ಏನೂ ಆಗಲಿಲ್ಲವಲ್ಲ ಅಂತ. ನಮ್ಮಲ್ಲೂ ದನಕ್ಕೆ ಬಂದದ್ದು ದನಕ್ಕೇ ಹೋಯಿತು ಅನ್ನುತ್ತೇವೆ. ಹೇಳುವವರಿಗೆ ಸುಲಭದ ಮಾತು ಅಂತ ನನಗೆ ಮೊದಲಿಂದಲೂ ಇದರ ಮೇಲೆ ಸಿಟ್ಟು. ಆದರೆ ಅಲ್ಲಿ ಹಾಗೆ ಹೇಳಿದವರಲ್ಲಿ ಒಬ್ಬರು ಮರುದಿನ ಬೆಳಿಗ್ಗೆ ಟ್ರ್ಯಾಕ್ಟರಿನಲ್ಲಿ ನಾಲ್ಕು ಉಂಡೆ ಸೈಲೇಜ್ ತಂದು ಇಳಿಸಿದರು. "ದಾರಿಗೆ ಅಡ್ಡ ಆಗಿತ್ತು, ಇಲ್ಲಿ ಇಟ್ಟುಕೊಳ್ಳಿ" ಅಂದರು. ಅಜ್ಜ "ಆಗಲಿ, ಜಾಗ ಇದೆ" ಅಂದರು. ಕೊಟ್ಟೆ ಅನ್ನಲಿಲ್ಲ, ತಗೊಂಡೆ ಅನ್ನಲಿಲ್ಲ. ಆಮೇಲೆ ಇಬ್ಬರೂ ಶೆಪ್‌ನ ಕಿವಿಯ ಉಣ್ಣೆ ಬಗ್ಗೆ ಮಾತಾಡಿದರು.

ತಾಯಿ ಹೋದ ಕರು ಬಾಟಲಿಗೆ ಬೇಗ ಒಗ್ಗಲಿಲ್ಲ. ಬೆರಳಿಗೆ ಹಾಲು ಸವರಿ ಚೀಪಿಸುತ್ತಾ ನಿಧಾನ ಮೂತಿ ಕೆಳಗಿಳಿಸುವ ನಮ್ಮ ಉಪಾಯ ಅವರಿಗೂ ಗೊತ್ತಿತ್ತು. ಅಜ್ಜನ ಕೈ ಸಂಧಿವಾತದಿಂದ ಗಟ್ಟಿಯಾಗಿತ್ತು, ಅದಕ್ಕೆ ಬೆಳಗಿನ ಪಾಳಿ ನನ್ನದಾಯಿತು. ಆ ಕರುವಿಗೆ ಕನ್ನಡ ಸ್ವಲ್ಪ ಬರುತ್ತದೆ.

ಮೇ ಹತ್ತರ ಸುಮಾರಿಗೆ ನೆಲ ಗಟ್ಟಿಯಾಯಿತು, ದನ ಬಿಟ್ಟರು. ಆರು ತಿಂಗಳು ಕೊಟ್ಟಿಗೆಯಲ್ಲಿದ್ದ ದೊಡ್ಡ ದೊಡ್ಡ ಹಸುಗಳು ಕಾಲು ಝಾಡಿಸಿ, ಬಾಲ ಎತ್ತಿ, ಕರುಗಳಂತೆ ಕುಣಿದವು. ನೋಡಲು ಅಕ್ಕಪಕ್ಕದವರೂ ಬಂದಿದ್ದರು. ಅರ್ಧ ಗಂಟೆ ಆದ ಮೇಲೆ ಯಾವುದರ ಹಿಂದೆ ಹೋಗಬೇಕು ತಿಳಿಯದೆ ಅವು ಗೇಟಿನ ಹತ್ತಿರವೇ ಗುಂಪಾಗಿ ನಿಂತವು. ಶೆಪ್ ಹೋಗಿ ಮೇಲಿನ ಗದ್ದೆಗೆ ನಡೆಸಿತು.

ಅಜ್ಜನ ಎರಡನೇ ಪರೀಕ್ಷೆ ಸೆಪ್ಟೆಂಬರಿನಲ್ಲಿ ಪಾಸಾಯಿತು, ಹೋರಿಗರು ಮಾರಿದರು. ಮಗಳು ಫೋನಿನಲ್ಲಿ ಹೇಳಿದಳು. ಅಜ್ಜ ಸಿಕ್ಕಾಗಲೆಲ್ಲ ಅಪ್ಪನ ಊರಲ್ಲಿ ಮಳೆ ಬಂತಾ ಅಂತ ಕೇಳುತ್ತಾರಂತೆ. ಆ ವರ್ಷ ನಮ್ಮಲ್ಲಿ ಚೆನ್ನಾಗಿಯೇ ಬಂದಿತ್ತು, ಹೊಟ್ಟು ಒಂದು ಬಣವೆ ಆಗಿತ್ತು. "ಅಷ್ಟೇನೂ ಕೆಟ್ಟಿಲ್ಲ ಅಂತ ಹೇಳು" ಅಂದೆ.